ಅಮೃತಮತಿಯೇ ಕೊಂದಳೆಂದು ಗೊತ್ತಿದ್ದ ಮೇಲೆ...

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಪತ್ತೇದಾರಿ ಕಾದಂಬರಿ

ಪ್ರಶ್ನೆ: ಮಳೆಗೆ ಹಳ್ಳದ ಕಾಲುಸಂಕ ಕೊಚ್ಚಿಹೋಗಿ ದಾರಿ ಕಡಿದ ಒಂಟಿಮನೆ. ಒಳಗೆ ಮುದ್ದಣ, ಮನೋರಮೆ, ಜನ್ನನ ಅಮೃತಮತಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ. ಅಲ್ಲೊಂದು ಕೊಲೆ. ಇವರನ್ನೆಲ್ಲ ಬಳಸಿಕೊಳ್ಳಲು ಯಾರ ಅಪ್ಪಣೆ ಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ಅಮೃತಮತಿ ಬರುವ ಜನ್ನನ ‘ಯಶೋಧರ ಚರಿತೆ’ 13ನೇ ಶತಮಾನದ ಕಾವ್ಯ, ತನ್ನ ಕೃತಿಯಲ್ಲಿ ತಾನೇ ಪಾತ್ರವಾಗಿ ಮನೋರಮೆಗೆ ಕಥೆ ಹೇಳುವ ಕವಿ ಮುದ್ದಣ ತೀರಿಕೊಂಡದ್ದು 1901ರಲ್ಲಿ. ಆ ಮೂವರನ್ನು ಧಾರಾಳವಾಗಿ ಕರೆದುಕೊಳ್ಳಿ. ಗುತ್ತಿಯ ಮಾತು ಬೇರೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಇಲ್ಲವೇ ಗುತ್ತಿಯನ್ನು ಬಿಡಿ. ಹೆಸರು ಬದಲಿಸಿ ಪಕ್ಕದಲ್ಲೊಂದು ನಾಯಿ ನಿಲ್ಲಿಸಿದರೆ ನಿಮ್ಮೂರಿನವರಿಗೆ ಗೊತ್ತಾಗದೆ ಇರುತ್ತದೆಯೇ! ಇನ್ನೊಂದು ಎಚ್ಚರ: ಜನ್ನನ ಪದ್ಯ ಎಲ್ಲರ ಸ್ವತ್ತು, ಆದರೆ ಈಚಿನ ಮುದ್ರಣಗಳ ಗದ್ಯಾನುವಾದ, ಟಿಪ್ಪಣಿ ಅವನ್ನು ಬರೆದವರದು.

ಪ್ರಶ್ನೆ: ಗಂಡ ಯಶೋಧರ ರಾಜನಿಗೂ ಅವನ ತಾಯಿ ಚಂದ್ರಮತಿಗೂ ವಿಷವಿಕ್ಕಿದವಳು ಅಮೃತಮತಿ ಎಂದು ಕನ್ನಡ ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದಾರೆ. ಕುತೂಹಲ ಉಳಿಸುವುದು ಹೇಗೆ?
– ಓದುಗರು, ಸಾಗರ

ಉತ್ತರ: ಅವಳನ್ನು ನಿರಪರಾಧಿ ಮಾಡಿಬಿಡುವುದು ಸುಲಭದ ದಾರಿ, ಮೂರನೇ ಅಧ್ಯಾಯಕ್ಕೇ ಓದುಗ ಊಹಿಸುತ್ತಾನೆ. ಅದರ ಬದಲು ‘ಯಶೋಧರ ಚರಿತೆ’ಯನ್ನು ಪೊಲೀಸ್ ಕಡತ ಓದಿದ ಹಾಗೆ ಓದಿ. ಮಾರಿದತ್ತ ರಾಜನ ಮುಂದೆ ಕಥೆ ಹೇಳುವವನು ಅಭಯರುಚಿ. ಅವನು ಯಾರು? ಹಲವು ಜನ್ಮ ಕಳೆದು ಬಂದ ಯಶೋಧರನೇ. ಪಕ್ಕದ ತಂಗಿ ಅಭಯಮತಿ ಹಿಂದೆ ಚಂದ್ರಮತಿಯಾಗಿದ್ದವಳು. ಅಂದರೆ ಸತ್ತವರೇ ಸಾಕ್ಷಿ. ಊಟಕ್ಕೆ ಕರೆದವಳು ಅಮೃತಮತಿ ಎಂಬುದು ಅವರಿಗೆ ಗೊತ್ತು. ಆದರೆ ಮಣೆಯ ಮೇಲೆ ಕೂತವರಿಗೆ ಅಡುಗೆಮನೆಯಲ್ಲಿ ಬೆರೆಸಿದ ಕೈ ಕಾಣುತ್ತದೆಯೇ? ನಿಮಗೆ ಜಾಗ ಇರುವುದು ಅಲ್ಲೇ.

ಆಮೇಲೆ, ಗುರಿ ಯಾರು ಎಂದು ಕೇಳಿಕೊಳ್ಳಿ. ಎಲ್ಲರೂ ಗಂಡ ಅನ್ನುತ್ತಾರೆ. ಹಿಟ್ಟಿನ ಕೋಳಿಯ ಬಲಿ ಮಾಡಿಸಿದವಳು ಚಂದ್ರಮತಿ, ಅವಳ ಮೇಲೂ ಹಲ್ಲು ಮಸೆಯುವವರು ಇರಬಹುದು. ಸಾವಿನಿಂದ ಪಟ್ಟ ಸಿಕ್ಕಿದ್ದು ಮಗ ಯಶೋಮತಿಗೆ. ಆದರೆ ಅಪ್ಪ ಆಗಲೇ ರಾಜ್ಯ ಬಿಟ್ಟು ಕಾಡಿಗೆ ಹೊರಡಲು ಮನಸ್ಸು ಮಾಡಿದ್ದ. ಮಗ ಸುಮ್ಮನಿದ್ದರೂ ಪಟ್ಟ ಬರುತ್ತಿತ್ತು. ಆ ಸುದ್ದಿ ಅವನ ಕಿವಿಗೆ ಬಿದ್ದದ್ದು ಊಟಕ್ಕೆ ಮೊದಲೋ ಆಮೇಲೋ? ಈ ಒಂದು ಪ್ರಶ್ನೆಯನ್ನು ಕೊನೆಯ ಅಧ್ಯಾಯದವರೆಗೂ ಎಳೆಯಬಹುದು. ಅಮೃತಮತಿಯ ಪ್ರಿಯಕರ, ಮಾವಟಿಗ ಅಷ್ಟಾವಂಕನನ್ನು ಕೊಲೆಗಾರ ಮಾಡಬೇಡಿ. ಎಲ್ಲರ ಕಣ್ಣೂ ಮೊದಲು ಬೀಳುವುದು ಅವನ ಮೇಲೆ.

ಪ್ರಶ್ನೆ: ನನ್ನ ಕಥೆ 1890ರ ಅಡಿಕೆ ತೋಟದ ಮನೆಯಲ್ಲಿ. ಮೈಲುತುತ್ತ (ಕಾಪರ್ ಸಲ್ಫೇಟ್) ಕುಡಿಸಿ ಕೊಲೆ. ಕೊಟ್ಟಿಗೆಯಲ್ಲಿ ಕೆಂಪಾದ ಕತ್ತಿಯೂ ಸಿಗುತ್ತದೆ. ಸರಿಹೋದೀತೇ?
– ಓದುಗರು, ಹೊಸನಗರ

ಉತ್ತರ: ಎರಡು ಕಡೆ ಎಡವಿದ್ದೀರಿ. ಆಗ ಅಡಿಕೆಯ ಕೊಳೆರೋಗ ತಡೆಯಲು ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟುತ್ತಿದ್ದರು. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ಬಂದದ್ದು 20ನೇ ಶತಮಾನದಲ್ಲಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿದ ಮೇಲೆ. ಕಥೆಯನ್ನು 1930ರ ದಶಕಕ್ಕೆ ತನ್ನಿ. ಇನ್ನು ಮೈಲುತುತ್ತದ ನೀಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಬಾಯಿಗಿಟ್ಟರೆ ಲೋಹದ ಒಗರು, ಕುಡಿದವರು ಕೂಡಲೇ ಕಾರಿಕೊಳ್ಳುತ್ತಾರೆ. ಗುಟ್ಟಾಗಿ ಕೊಲ್ಲಲು ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ಕತ್ತಿಯನ್ನು ಮಾತ್ರ ಬಿಡಬೇಡಿ! ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣ ಕಲಸಿದ ನೀರಿಗೆ ಹೊಯ್ದು ಕಲಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೂತು ಕೆಂಪಾಗುತ್ತದೆ. ಪಟೇಲರು ಅದನ್ನು ರಕ್ತ ಎಂದುಕೊಳ್ಳಲಿ. ನೀರಲ್ಲಿ ತೊಳೆದರೂ ಹೋಗಲಿಲ್ಲ ಎನ್ನುವಾಗ ನಿಮ್ಮ ಪತ್ತೇದಾರಳಿಗೆ ಹೊಳೆಯಲಿ. ಲೆಕ್ಕ ತಪ್ಪಬೇಡಿ: ಯಾರಾದರೂ ತುತ್ತ ಕದ್ದಿದ್ದರೆ ಸುಣ್ಣವೇ ಹೆಚ್ಚಾಗಿ ಅಲಗು ಬೆಳ್ಳಗೇ ಉಳಿಯುತ್ತಿತ್ತು. ಕೆಂಪು ಬಂತೆಂದರೆ ತುತ್ತ ಪೂರ್ತಿ ಇತ್ತು ಎಂದು ಅವಳು ವಾದಿಸಬಹುದು. ಗಾಳಿಗೆ ಬಿಟ್ಟ ಹಳೇ ಸುಣ್ಣ ಸತ್ವ ಕಳೆದುಕೊಂಡಿದ್ದರೂ ಕೆಂಪು ಬರುತ್ತದೆ, ಆ ಎಳೆಯನ್ನು ಎದುರಾಳಿಯ ಕೈಗೆ ಕೊಡಿ.

ಪಂಚೆಯ ಮೇಲೆ ನಿಜವಾದ ರಕ್ತವೇ ಬೇಕಿದ್ದರೆ ಮಳೆಗಾಲದ ಜಿಗಣೆ ಇಂಬಳ ಇದೆಯಲ್ಲ. ಅದು ಕಚ್ಚಿ ಬಿಟ್ಟ ಮೇಲೂ ರಕ್ತ ಹೆಪ್ಪುಗಟ್ಟದೆ ಬಹಳ ಹೊತ್ತು ಸೋರುತ್ತದೆ. ಕಲೆ ಮೊಣಕಾಲಿನ ಕೆಳಗಿರಲಿ.

ಪ್ರಶ್ನೆ: ಮನೋರಮೆ ಪತ್ತೇದಾರಳಾದರೆ ಹಳಗನ್ನಡದಲ್ಲೇ ಮಾತಾಡಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ, ಹತ್ತು ಪುಟಕ್ಕೆ ಓದುಗ ದಣಿಯುತ್ತಾನೆ. ಅವಳ ಮಾತಿಗಿಂತ ಅವಳ ಚಾಳಿ ಮುಖ್ಯ: ಗಂಡ ಕಥೆ ಹೇಳುವಾಗ ನಡುವೆ ಬಾಯಿ ಹಾಕಿ ‘ಹಾಗೆಂದರೇನು?’ ಎಂದು ಕೇಳುತ್ತಾಳೆ. ವಿಚಾರಣೆಗೆ ಅದೇ ಸಾಕು. ಸಾಕ್ಷಿ ಒಂದು ದೊಡ್ಡ ಮಾತಿನ ಹಿಂದೆ ಅಡಗಿಕೊಂಡಾಗಲೆಲ್ಲ ಅವಳು ಅರ್ಥ ಕೇಳಲಿ, ಮುದ್ದಣ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ.