ಓದುಗರ ಪ್ರಶ್ನೆ: ಮಿಷನ್ ತಂದಾಯ್ತು, ಇನ್ನು ಮರ ಕಡಿಯುವುದು ಹೇಗೆ?

ಪ್ರಶ್ನೆ: ನಮ್ಮದು ಹಿರಿಯಡಕದ ಹತ್ತಿರ ಎರಡೂವರೆ ಎಕರೆ ಜಾಗ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಒಂದು ವರ್ಷ ಆಯ್ತು. ತೋಟದ ಮೇಲಿನ ಗುಡ್ಡೆಯಲ್ಲಿ ಹತ್ತು ಹನ್ನೆರಡು ಅಕೇಶಿಯಾ ಮರ ಇವೆ. ಅದರಲ್ಲಿ ಎರಡು ಕೊಟ್ಟಿಗೆ ಕಡೆಗೆ ವಾಲಿವೆ. ಮರ ಕಡಿಯುವವರಿಗೆ ಫೋನ್ ಮಾಡಿದರೆ ಬರ್ತೇನೆ ಬರ್ತೇನೆ ಎನ್ನುತ್ತಾರೆ, ಬರುವುದಿಲ್ಲ. ಸಾಕಾಗಿ ನಾನೇ ಒಂದು ಚೈನ್‌ಸಾ ತಂದೆ. ಯೂಟ್ಯೂಬ್ ನೋಡಿದ್ದೇನೆ, ಧೈರ್ಯವೂ ಇದೆ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಹಿರಿಯಡಕ

ಉತ್ತರ: ಧೈರ್ಯ ಇದೆ ಎಂದು ಬರೆದಿದ್ದೀರಿ. ನನಗೆ ಹೆದರಿಕೆ ಆದದ್ದೇ ಆ ಮಾತಿಗೆ. ಮೊದಲೇ ಹೇಳಿಬಿಡುತ್ತೇನೆ, ಕೊಟ್ಟಿಗೆ ಕಡೆ ವಾಲಿದ ಆ ಎರಡು ಮರಗಳನ್ನು ನೀವು ಮುಟ್ಟಬೇಡಿ. ಅದಕ್ಕೆ ಬರ್ತೇನೆ ಎನ್ನುವವರಿಗೇ ಇನ್ನೂ ನಾಲ್ಕು ಫೋನ್ ಮಾಡಿ, ಬೇಕಾದರೆ ಬೆಳಿಗ್ಗೆ ಅವರ ಮನೆಗೇ ಹೋಗಿ ಕರೆದುಕೊಂಡು ಬನ್ನಿ. ಜೋರಾಗಿ ವಾಲಿದ ಮರವನ್ನು ಹಿಂದಿನಿಂದ ಕುಯ್ಯುತ್ತಾ ಬಂದರೆ ಅರ್ಧಕ್ಕೆ ಬರುವಷ್ಟರಲ್ಲೇ ಕಾಂಡ ಉದ್ದಕ್ಕೆ ಸೀಳುವುದುಂಟು. ಆ ಸೀಳಿದ ಹಿಂಭಾಗ ಮೇಲಕ್ಕೆ ಚಿಮ್ಮಿ ಕಡಿಯುವವನ ಎದೆಗೋ ಮುಖಕ್ಕೋ ಬಡಿಯುತ್ತದೆ. ಓಡಲಿಕ್ಕೆ ಸಮಯವೇ ಸಿಗುವುದಿಲ್ಲ.

ಉಳಿದ ಮರಗಳಿಗೂ ನಾಳೆಯೇ ಕೈ ಹಾಕಬೇಡಿ. ಮೊದಲು ಬೇರಿನಿಂದ ಬೇರೆಯಾಗಿ ನೆಲದಲ್ಲಿ ಪೂರ್ತಿ ಮಲಗಿರುವ ಮರ ತುಂಡು ಮಾಡಿ ಕಲಿಯಿರಿ, ಸೌದೆಗೂ ಆಯ್ತು. ಆಮೇಲೆ ಬಿದ್ದ ಮರದ ಗೆಲ್ಲು ಸವರುವುದು. ಮಿಷನ್ ಎಲ್ಲಿ ಎಳೆಯುತ್ತದೆ, ಎಲ್ಲಿ ಒದೆಯುತ್ತದೆ ಎಂದು ಕೈಗೆ ಗೊತ್ತಾಗಲು ಕೆಲವು ದಿನ ಬೇಕೇ ಬೇಕು. ಅದಾದ ಮೇಲೆ ಸುತ್ತ ಏನೂ ಇಲ್ಲದ ಕಡೆ, ಹೆಚ್ಚೆಂದರೆ 15-20 ಸೆಂ.ಮೀ. ದಪ್ಪದ, ನೇರ ನಿಂತ ಒಂದು ಮರ. ಆಗಲೂ ಕೆಲಸ ಗೊತ್ತಿರುವ ಒಬ್ಬರು ಪಕ್ಕದಲ್ಲಿರಬೇಕು. ಒಬ್ಬರೇ ಇದ್ದಾಗ ಮಿಷನ್ ಸ್ಟಾರ್ಟ್ ಮಾಡಲೇಬಾರದು.

ನನ್ನ ಕಥೆ ಕೇಳಿ. ಬ್ರಹ್ಮಾವರದ ಕಡೆ ನಮ್ಮ ಜಾಗದಲ್ಲಿ ನಾನು ಕಡಿದ ಮೊದಲ ದೊಡ್ಡ ಮರವೂ ಅಕೇಶಿಯಾವೇ. ಪಶ್ಚಿಮಕ್ಕೆ ಖಾಲಿ ಗದ್ದೆ ಇತ್ತು, ಅಲ್ಲಿಗೆ ಬೀಳಿಸುವುದು ಎಂದು ಲೆಕ್ಕ. ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು, ಮೂರು ಗಂಟೆಗೆ ಶುರು ಮಾಡಿದೆ. ನಮ್ಮ ಕರಾವಳಿಯಲ್ಲಿ ಬೇಸಗೆಯ ಮಧ್ಯಾಹ್ನ ಕಡಲಿನಿಂದ ಗಾಳಿ ಏಳುತ್ತದೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು, ಆದರೆ ಆ ಹೊತ್ತಿಗೆ ತಲೆಗೆ ಬರಲಿಲ್ಲ. ಹಿಂದಿನ ಕುಯ್ತ ಮುಕ್ಕಾಲು ಆಗಿತ್ತು. ಒಂದು ಗಾಳಿ ಬಂತು. ಮರ ಮುಂದಕ್ಕೆ ಹೋಗುವ ಬದಲು ಮೆಲ್ಲಗೆ ಹಿಂದಕ್ಕೆ ಬಂದು ಮಿಷನ್ನಿನ ಬಾರಿನ ಮೇಲೆ, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಯ ಮೇಲೆ, ಕೂತುಬಿಟ್ಟಿತು. ಎಳೆದೆ, ಅಲ್ಲಾಡಿಸಿದೆ, ಊಹೂಂ. ಕೊನೆಗೆ ಬಾರನ್ನು ಅಲ್ಲೇ ಬಿಟ್ಟು ಮೋಟಾರಿನ ಭಾಗ ಮಾತ್ರ ಬಿಚ್ಚಿ ತಂದೆ. ಅರ್ಧ ಕುಯ್ದ ಮರ, ಅದರ ಹಿಂದೆ ನಮ್ಮ ಮನೆ. ಆ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಲಿಲ್ಲ, ಅಮ್ಮ ದೇವರ ದೀಪ ಆರಿಸಲೇ ಇಲ್ಲ. ಮರುದಿನ ಗಾಳಿ ಏಳುವ ಮುಂಚೆ ಕೆಲಸದವರು ಬಂದು ಬೆಣೆ ಹೊಡೆದು, ಹಗ್ಗ ಹಾಕಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಹೋಗುವಾಗ ಒಬ್ಬರು, "ಮಿಷನ್ ಒಳ್ಳೇದುಂಟು ಮಾರಾಯ್ರೇ" ಎಂದರು. ಅಷ್ಟೇ ಹೇಳಿದ್ದು.

ನನ್ನ ತಪ್ಪು ಎರಡು. ಗಾಳಿ ನೋಡಲಿಲ್ಲ, ಬೆಣೆ ಇಟ್ಟುಕೊಂಡಿರಲಿಲ್ಲ. ಎರಡೂ ಮಿಷನ್ನಿಗೆ ಸಂಬಂಧಪಟ್ಟದ್ದಲ್ಲ ನೋಡಿ. ಮಿಷನ್ ಸ್ಟಾರ್ಟ್ ಮಾಡುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು.

ಹಾಗಾಗಿ ಬೆಳಿಗ್ಗೆ ಬೇಗ ಹೋಗಿ ಮರಕ್ಕೆ ಒಂದು ಸುತ್ತು ಬನ್ನಿ. ಹಗ್ಗಕ್ಕೆ ಕಲ್ಲು ಕಟ್ಟಿ ತೂಗಬಿಟ್ಟು, ದೂರ ನಿಂತು ಕಾಂಡಕ್ಕೆ ಸರಿಯಾಗಿ ಹಿಡಿದು ನೋಡಿ, ಎಷ್ಟು ವಾಲಿದೆ ಎಂದು ಗೊತ್ತಾಗುತ್ತದೆ. ಒಂದು ಕಡೆಯಿಂದ ನೋಡಿದರೆ ಸಾಲದು, ಕಾಲುಸುತ್ತು ತಿರುಗಿ ಇನ್ನೊಂದು ಕಡೆಯಿಂದಲೂ ನೋಡಿ. ಕಾಂಡ ನೇರ ಇದ್ದರೂ ಗೆಲ್ಲುಗಳ ಭಾರ ಒಂದೇ ಕಡೆ ಇರಬಹುದು, ಅಕೇಶಿಯಾದಲ್ಲಂತೂ ಅದು ಮಾಮೂಲು. ಮೇಲೆ ಒಣಗಿದ ಗೆಲ್ಲು ಸಿಕ್ಕಿಕೊಂಡಿದೆಯಾ ನೋಡಿ. ಮರ ಅಲುಗಿದ ಕೂಡಲೇ ಮೊದಲು ಬೀಳುವುದು ಅದು, ಬೀಳುವುದು ನಿಮ್ಮ ತಲೆಗೆ. ಬುಡಕ್ಕೆ ಕೊಡಲಿಯ ಹಿಂಭಾಗದಿಂದ ಬಡಿದು ಕೇಳಿ. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳು ಮರದ ಸದ್ದೇ ಬೇರೆ. ಗೆದ್ದಲು ತಿಂದ ಹಳೇ ಮಾವಿನ ಮರದ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಟೊಳ್ಳಿದ್ದರೆ ಬಿಟ್ಟುಬಿಡಿ.

ಮರದ ಎತ್ತರ ತಿಳಿಯಲು ಒಂದು ಸುಲಭ ಉಪಾಯ ಇದೆ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲನ್ನು ಮುಷ್ಟಿಯ ಮೇಲೆ ನೇರ ನಿಲ್ಲಿಸಿ ಹಿಡಿದು, ಕೋಲಿನ ಬುಡ ಮರದ ಬುಡಕ್ಕೆ, ತುದಿ ಮರದ ತುದಿಗೆ ಸರಿ ಹೊಂದುವವರೆಗೆ ಹಿಂದಕ್ಕೆ ನಡೆಯಿರಿ. ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಹೆಚ್ಚುಕಡಿಮೆ ಅಷ್ಟು ಎತ್ತರ. ಅದರ ಎರಡು ಪಟ್ಟು ದೂರದ ಒಳಗೆ ಯಾರೂ ಇರಬಾರದು, ದನ, ನಾಯಿ, ನೋಡಲು ಬಂದ ಪಕ್ಕದ ಮನೆಯವರು, ಯಾರೂ. ಇದು ಸಮತಟ್ಟು ಜಾಗದ ಮಾತು. ಇಳಿಜಾರಿನಲ್ಲಿ ಈ ಅಳತೆ ತಪ್ಪಬಹುದು, ಮರವೂ ಉರುಳಿಕೊಂಡು ಹೋಗಬಹುದು. ಕೆಳಗಿನ ತೋಟದಲ್ಲಿ ಯಾರಾದರೂ ಅಡಿಕೆ ಹೆಕ್ಕುತ್ತಿದ್ದರೆ ಕರೆದು ಮೇಲೆ ತನ್ನಿ.

ನಿಮಗೆ ಓಡಲು ಎರಡು ದಾರಿ ಬೇಕು. ಮರ ಬೀಳುವ ದಿಕ್ಕಿಗೆ ಬೆನ್ನು ಹಾಕಿ ನಿಂತರೆ, ಎಡಕ್ಕೊಂದು ಬಲಕ್ಕೊಂದು, ಓರೆಯಾಗಿ 45 ಡಿಗ್ರಿಯಲ್ಲಿ. ನೇರ ಹಿಂದಕ್ಕೆ ಬೇಡ, ಬೀಳುವ ಮರದ ಬುಡ, ನೆಲದಲ್ಲಿ ಉಳಿದ ಕುತ್ತಿಯ ಮೇಲಿಂದ ಹಿಂದಕ್ಕೆ ಜಾರಿ ಬರುವುದುಂಟು. ಆ ದಾರಿಯ ಬಳ್ಳಿ, ಮುಳ್ಳು, ಸಡಿಲ ಮುರಕಲ್ಲು ಎಲ್ಲ ಮೊದಲೇ ತೆಗೆದಿರಬೇಕು.

ಇನ್ನು ಕುಯ್ಯುವುದು. ಒಂದಡಿ, ಅಂದರೆ ಸುಮಾರು 30 ಸೆಂ.ಮೀ. ದಪ್ಪದ ಮರ ಎಂದಿಟ್ಟುಕೊಳ್ಳಿ. ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಬೇಕು, ಮೇಲಿನಿಂದ ಓರೆಯಾಗಿ ಒಂದು ಕುಯ್ತ, ಕೆಳಗೆ ಅಡ್ಡ ಇನ್ನೊಂದು. ಕಲ್ಲಂಗಡಿ ಹೋಳಿನ ಹಾಗೆ ಒಂದು ತುಂಡು ಹೊರಗೆ ಬರುತ್ತದೆ. ಆಳ 6-7 ಸೆಂ.ಮೀ. ಸಾಕು, ಕಾಂಡದ ಕಾಲುಭಾಗಕ್ಕಿಂತ ಕಡಿಮೆಯೇ. ಎರಡು ಕುಯ್ತಗಳೂ ಒಂದೇ ಗೆರೆಯಲ್ಲಿ ಸೇರಬೇಕು. ಒಂದು ಇನ್ನೊಂದನ್ನು ದಾಟಿ ಒಳಗೆ ಹೋದರೆ ಮರ ಬೀಳುವಾಗ ಆ ಸಂದು ಬೇಗ ಮುಚ್ಚಿಕೊಂಡು ದಿಕ್ಕು ತಪ್ಪುತ್ತದೆ. ಆಮೇಲೆ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆ, ಅಡ್ಡಕ್ಕೆ ಕುಯ್ಯುತ್ತಾ ಬನ್ನಿ. ಒಳಗೆ ಬೆಣೆ ಹಿಡಿಯುವಷ್ಟು ಜಾಗ ಆದ ಕೂಡಲೇ ಪ್ಲಾಸ್ಟಿಕ್ ಬೆಣೆ ತೂರಿಸಿ. ಕಬ್ಬಿಣದ್ದು ಬೇಡ, ಚೈನಿಗೆ ತಾಗಿದರೆ ಕಥೆ ಮುಗೀತು.

ನಿಲ್ಲಿಸಬೇಕಾದ ಜಾಗ ಮುಖ್ಯ. ಕಚ್ಚಿಗೂ ಹಿಂದಿನ ಕುಯ್ತಕ್ಕೂ ನಡುವೆ ಸುಮಾರು 3 ಸೆಂ.ಮೀ., ದಪ್ಪದ ಹತ್ತನೇ ಒಂದು ಭಾಗ, ಉದ್ದಕ್ಕೂ ಒಂದೇ ಸಮ ಉಳಿಯಬೇಕು. ಬಾಗಿಲಿಗೆ ಬಿಜಾಗ್ರಿ ಇದ್ದ ಹಾಗೆ ಮರಕ್ಕೆ ಅದು. ಮರ ಅದರ ಮೇಲೆ ತಿರುಗಿ ನಿಧಾನಕ್ಕೆ ಬಾಗಿ ಬೀಳುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪೇ ಮರ ಇನ್ನೂ ಬೀಳಲಿಲ್ಲವಲ್ಲ ಎಂದು ಅದನ್ನೂ ಕುಯ್ದುಬಿಡುವುದು. ಬಿಜಾಗ್ರಿ ಇಲ್ಲದ ಬಾಗಿಲನ್ನು ಹಿಡಿದು ನೋಡಿದ್ದೀರಾ? ಯಾವ ಕಡೆಗೂ ಬೀಳಬಹುದು ಅಲ್ವಾ? ಬೀಳದಿದ್ದರೆ ಬೆಣೆ ಹೊಡೆಯಿರಿ. ಮರ ಕರ್ರ್ ಎಂದು ಅಲುಗಲು ಶುರು ಮಾಡಿದ ಕೂಡಲೇ ಮೊದಲೇ ಮಾಡಿಟ್ಟ ದಾರಿಯಲ್ಲಿ ಹೋಗಿ, ಕಣ್ಣು ಮೇಲೆ ಇರಲಿ. ಫೋಟೋ ಆಮೇಲೆ.

ಹಗ್ಗ ಕಟ್ಟುವುದಾದರೆ ಒಂದು ಮಾತು. ನಮ್ಮೂರಿನಲ್ಲಿ ನಾಲ್ಕು ಜನ ಹಗ್ಗ ಹಿಡಿದು ಮರ ಬೀಳುವ ಕಡೆಯೇ ನಿಂತು "ಐಸಾ" ಎಂದು ಎಳೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಗ್ಗ ಮರಕ್ಕಿಂತ ಗಿಡ್ಡ ಇದ್ದರೆ ಮರ ಬೀಳುವುದು ಅವರ ಮೇಲೆಯೇ. ಎದುರಿನ ಇನ್ನೊಂದು ಮರದ ಬುಡಕ್ಕೆ ಸುತ್ತು ಹಾಕಿ ಬದಿಗೆ ನಿಂತು ಎಳೆಯಬೇಕು. ಕೈಗೆ ಹಗ್ಗ ಸುತ್ತಿಕೊಳ್ಳುವಂತಿಲ್ಲ.

ಉಡುಪಿನ ಬಗ್ಗೆ ಬೈಯುವುದಿದೆ. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಹಾಕಿ ಮಿಷನ್ ಹಿಡಿಯುವುದು ನಮ್ಮಲ್ಲಿ ಮಾಮೂಲು. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ 20 ಮೀಟರ್ ಆಸುಪಾಸು ಓಡುತ್ತದೆ, ಕಾಲಿಗೆ ತಾಗಿದರೆ ನಿಮಗೆ ಗೊತ್ತಾಗುವ ಮೊದಲೇ ಆಗಿರುತ್ತದೆ. ಚೈನ್‌ಸಾಗೆಂದೇ ಪ್ಯಾಂಟ್ ಸಿಗುತ್ತದೆ, ಒಳಗೆ ಉದ್ದದ ನೂಲಿನ ಪದರ ಇರುತ್ತದೆ, ಚೈನ್ ತಾಗಿದರೆ ಆ ನೂಲು ಹೊರಬಂದು ಚೈನ್ ಓಡಿಸುವ ಗಾಲಿಗೆ ಸುತ್ತಿ ಚೈನನ್ನು ನಿಲ್ಲಿಸುತ್ತದೆ. ನಮ್ಮ ಸೆಕೆಗೆ ಅದು ಹಿಂಸೆಯೇ, ಆದರೂ ಹಾಕಿ. ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಗಟ್ಟಿ ಬೂಟು. ಇನ್ನು ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಮಿಷನ್ ನಿಮ್ಮ ಮುಖದ ಕಡೆಗೇ ಒದೆಯುತ್ತದೆ. ಹೆಗಲಿಗಿಂತ ಮೇಲೆ ಎತ್ತಿ ಕುಯ್ಯುವುದು, ಏಣಿ ಹತ್ತಿ ಕುಯ್ಯುವುದು, ಎರಡೂ ಬೇಡ.

ಮತ್ತೆ ಪರ್ಮಿಶನ್. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಜಾಗದ ಮರಕ್ಕೂ ಬರುತ್ತದೆ. ತೆಂಗು, ರಬ್ಬರ್, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್ ಮುಂತಾದವಕ್ಕೆ ವಿನಾಯಿತಿ ಇದೆ. ಉಳಿದದ್ದನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಕಡಿಯಿರಿ, ಲಾರಿಯಲ್ಲಿ ಸಾಗಿಸುವುದಿದ್ದರೆ ಅದನ್ನೂ ಅಲ್ಲೇ ಕೇಳಿ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಹಳೇ ಹಂಚಿನ ಮನೆ, ಆರು ಸೆಂಟ್ಸ್ ಜಾಗ. ಅಂಗಳದಲ್ಲಿ ಒಣಗುತ್ತಿರುವ ತೆಂಗಿನ ಮರ ಇದೆ, ಪಕ್ಕದಲ್ಲೇ ಕರೆಂಟ್ ವಯರ್. ತಮ್ಮ "ಹಗ್ಗ ಕಟ್ಟಿ ನಾವೇ ಬೀಳಿಸುವ" ಎನ್ನುತ್ತಿದ್ದಾನೆ. ಆಗುತ್ತದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆಗುವುದಿಲ್ಲ. ತಮ್ಮನಿಗೆ ನಾನು ಹೇಳಿದೆ ಎನ್ನಿ. ಮೇಲೆ ಹೇಳಿದ ಬಿಜಾಗ್ರಿಯ ಲೆಕ್ಕ ತೆಂಗಿಗೆ ನಂಬುವ ಹಾಗಿಲ್ಲ. ಅದರ ಕಾಂಡ ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಪೂರ್ತಿ ನಾರು, ಎಲ್ಲಿ ಹರಿಯುತ್ತದೆ ಎಂದು ಹೇಳಲಾಗದು. ಮೇಲಿನಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸುವವರೇ ಬೇಕು. ಅವರಿಗೂ ಮರ ಒಣಗುತ್ತಿದೆ ಎಂದು ಮೊದಲೇ ಹೇಳಿ, ಪೂರ್ತಿ ಒಣಗಿದ ಮೇಲೆ ಹತ್ತಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ತಡ ಮಾಡಬೇಡಿ. ಕೆಲಸದ ದಿನ ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಿ, ಆಫ್ ಆಗಿದೆ ಎಂದು ಅವರೇ ಹೇಳಿದ ಮೇಲೆ ಶುರು ಮಾಡಿ. ಮನೆಯ ಮೈನ್ ಸ್ವಿಚ್ ಆಫ್ ಮಾಡಿದರೂ ಹೊರಗಿನ ವಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಒಂದು ಮರ ಬೇರು ಸಮೇತ ಮಗುಚಿ ಬಿತ್ತು. ಬಿದ್ದ ಮರ ತುಂಡು ಮಾಡುವುದರಲ್ಲಿ ಅಪಾಯ ಇಲ್ಲ ಅಲ್ವಾ?
– ಓದುಗರೊಬ್ಬರು, ಕಾರ್ಕಳ

ಉತ್ತರ: ನಿಂತ ಮರಕ್ಕಿಂತ ಜಾಸ್ತಿ ಇರಬಹುದು. ಮುರಕಲ್ಲಿನ ನೆಲದಲ್ಲಿ ಬೇರು ಆಳಕ್ಕೆ ಹೋಗದೆ ಅಗಲಕ್ಕೆ ಹರಡಿರುತ್ತದೆ, ಮಗುಚುವಾಗ ಚಾಪೆ ಎದ್ದ ಹಾಗೆ ಮಣ್ಣು ಸಮೇತ ಏಳುತ್ತದೆ. ಕಾಂಡದ ಭಾರ ಇರುವಷ್ಟು ಹೊತ್ತು ಅದು ಹಾಗೇ ನಿಂತಿರುತ್ತದೆ. ಕಾಂಡ ಕುಯ್ದ ಕೂಡಲೇ ಆ ಬೇರಿನ ಗೋಡೆ ಧಡಾರ್ ಎಂದು ವಾಪಸ್ ಹೊಂಡಕ್ಕೆ ಕೂರಬಹುದು. ಹೊಂಡದ ಹತ್ತಿರ ಮಕ್ಕಳು ಆಡುತ್ತಿದ್ದರೆ? ಅಲ್ಲಿ ಯಾರೂ ಇಲ್ಲ ಎಂದು ನೋಡಿಯೇ ಕುಯ್ಯಬೇಕು, ಬೇರಿಗೆ ತೀರಾ ಹತ್ತಿರ ಕುಯ್ಯುವುದೂ ಬೇಡ.

ಇನ್ನೊಂದು, ಬಿದ್ದ ಮರ ಎರಡು ಕಡೆ ಆತುಕೊಂಡು ನಡುವೆ ಜೋತಿದ್ದರೆ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಬಿಗಿದಿರುತ್ತದೆ. ಒತ್ತಿಕೊಂಡ ಕಡೆಯಿಂದ ಸ್ವಲ್ಪ ಕುಯ್ದು, ಆಮೇಲೆ ಬಿಗಿದ ಕಡೆಯಿಂದ ಮುಗಿಸಿ. ಮೇಲಿನಿಂದಲೇ ಪೂರ್ತಿ ಇಳಿಸಲು ಹೋದರೆ ಬಾರ್ ಸಿಕ್ಕಿಕೊಳ್ಳುತ್ತದೆ. ಬಿಲ್ಲಿನ ಹಾಗೆ ಬಗ್ಗಿ ಮರದ ಅಡಿಗೆ ಸಿಕ್ಕಿದ ಸಣ್ಣ ಗಿಡಗಳೂ ಇರುತ್ತವೆ, ಕುಯ್ದರೆ ಚಾಟಿಯ ಹಾಗೆ ಎದ್ದು ಹೊಡೆಯುತ್ತವೆ.

ಅಡಿಕೆ ತೋಟದಲ್ಲಿ ಮರ ಪೂರ್ತಿ ಬೀಳದೆ ಇನ್ನೊಂದು ಮರಕ್ಕೆ ಆತು ನಿಂತಿದ್ದರೆ ಅದರ ಅಡಿಗೆ ಹೋಗಲೇಬೇಡಿ. ಆತುಕೊಂಡಿರುವ ಮರವನ್ನು ಕಡಿಯುವ ಉಪಾಯವನ್ನೂ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಚೈನ್ ಪುಲ್ಲಿ ಇರುವವರನ್ನು ಕರೆಸಿ ದೂರದಿಂದ ಬುಡ ಎಳೆಸಿ.

ಪ್ರಶ್ನೆ: ಮಿಷನ್ ತಂದು ಆರು ತಿಂಗಳೂ ಆಗಿಲ್ಲ, ಈಗ ಎಷ್ಟು ಒತ್ತಿದರೂ ಕುಯ್ಯುವುದಿಲ್ಲ. ಇಂಜಿನ್ ಹಾಳಾಯಿತಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಮಿಷನ್ ಒತ್ತಬೇಕಾಗಿ ಬಂದರೆ ಮೊದಲು ಚೈನ್ ನೋಡಿ. ಹೊರಗೆ ಬೀಳುವ ಹುಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಅವಲಕ್ಕಿಯ ಹಾಗೆ ಚೂರು ಬಂದರೆ ಹರಿತ ಇದೆ, ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಬಂದರೆ ಅರ ಹಾಕಬೇಕು. ಕುಯ್ಯುವಾಗ ಕಲ್ಲಿಗೋ ಮಣ್ಣಿಗೋ ಒಂದೇ ಸಲ ತಾಗಿದರೂ ಸಾಕು. ಚೈನಿನ ಅಳತೆಗೆ ಸರಿಯಾದ ದುಂಡು ಅರ ತಂದು, ಮಿಷನ್ ಆಫ್ ಮಾಡಿ, ಕೈಗೆ ಗ್ಲೌಸ್ ಹಾಕಿ, ಒಂದೊಂದು ಹಲ್ಲಿಗೂ ಒಂದೇ ದಿಕ್ಕಿನಲ್ಲಿ ಮೂರು ಮೂರು ಸಲ ಮುಂದಕ್ಕೆ ತಳ್ಳಿ. ಬಾರಿನ ಎಣ್ಣೆ ಬರುತ್ತಿದೆಯಾ ಎಂದೂ ನೋಡಿ, ಪೆಟ್ರೋಲಿಗೆ ಬೆರೆಸುವ ಎಣ್ಣೆ ಬೇರೆ, ಅದು ಬೇರೆ. ಇಷ್ಟು ಮಾಡಿಯೂ ಆಗದಿದ್ದರೆ ಮಾತ್ರ ತಂದ ಅಂಗಡಿಗೆ ಕೊಂಡುಹೋಗಿ.