ಹೊಸ ನಿರ್ದೇಶಕ ಬಂದಾಗ ಸ್ಟಾರ್ ಟ್ರೆಕ್ ಅಭಿಮಾನಿಗಳಿಗೆ ಅಷ್ಟು ಸಿಟ್ಟು ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 2009ರ ಸ್ಟಾರ್ ಟ್ರೆಕ್ ಸಿನಿಮಾ ನಿಮಗೆ ತುಂಬಾ ಹಿಡಿಸಿದೆ. ಆದರೆ ಹಳೆಯ ಅಭಿಮಾನಿಗಳು ಅದರ ನಿರ್ದೇಶಕ ಜೆ.ಜೆ. ಏಬ್ರಮ್ಸ್ ಅವರನ್ನು ಇವತ್ತಿಗೂ ಬೈಯುತ್ತಿರುತ್ತಾರೆ. ಅವರು ಈ ಸರಣಿಯ ಅಭಿಮಾನಿ ಆಗಿರಲಿಲ್ಲ ಅಂತ ಈ ಸಿಟ್ಟಾ, ಇಲ್ಲ ಹಳಬರಿಗೆ ಹೊಸದೇನೂ ಸಹಿಸೋದೇ ಇಲ್ವಾ?

ನಾನೂ ಆ ಹಳಬರ ಗುಂಪಿನವನೇ. ನೀವು ಕೊಟ್ಟ ಎರಡು ಕಾರಣಗಳನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. 2009ರ ಸಿನಿಮಾವನ್ನು ನಮ್ಮಲ್ಲಿ ಬಹಳ ಜನ ಗೊಣಗುತ್ತಲೇ ಒಪ್ಪಿಕೊಂಡೆವು. ಸಿಟ್ಟು ನಿಜವಾಗಿ ಕುದ್ದದ್ದು 2013ರಲ್ಲಿ, ಅವರದೇ ಎರಡನೇ ಸಿನಿಮಾ 'ಇನ್‌ಟು ಡಾರ್ಕ್‌ನೆಸ್' ಬಂದಾಗ. ಮೊದಲನೆಯದರಲ್ಲಿ ಎಲ್ಲವನ್ನೂ ಬದಲಾಯಿಸಿದ್ದರು. ಎರಡನೆಯದರಲ್ಲಿ ಹಳೆಯದನ್ನೇ ನಕಲು ಮಾಡಿದರು. ನಮಗೆ ಜಾಸ್ತಿ ನೋವಾದದ್ದು ನಕಲಿನಿಂದ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾಹ್ಯಾಕಾಶ ಹಡಗೊಂದರ ಸಾಹಸಗಳ ಮೂಲ ಧಾರಾವಾಹಿ ಅಮೆರಿಕದ ಎನ್‌ಬಿಸಿಯಲ್ಲಿ 1966ರಿಂದ 1969ರವರೆಗೆ ಬಂತು. ಮೂರೇ ಸೀಸನ್, 79 ಎಪಿಸೋಡು. ಎರಡನೇ ಸೀಸನ್ ನಡೆಯುತ್ತಿದ್ದಾಗಲೇ ನಿಲ್ಲಿಸಿಬಿಡುತ್ತಾರೆ ಅನ್ನುವ ಸುದ್ದಿ ಹಬ್ಬಿತು. ಬೀಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ಅನ್ನುವ ದಂಪತಿ ಮುಂದೆ ನಿಂತು ಅಭಿಮಾನಿಗಳಿಂದ ರಾಶಿ ರಾಶಿ ಪತ್ರ ಬರೆಸಿದರು. ಕೊನೆಗೆ ಚಾನೆಲ್‌ನವರು ಟಿವಿಯಲ್ಲೇ ಧಾರಾವಾಹಿ ಮುಂದುವರಿಯುತ್ತದೆ ಅಂತ ಘೋಷಿಸಿದರು. 1976ರಲ್ಲಿ ನಾಸಾದ ಮೊದಲ ಸ್ಪೇಸ್ ಶಟಲ್‌ಗೆ 'ಎಂಟರ್‌ಪ್ರೈಸ್' ಅಂತ ಧಾರಾವಾಹಿಯ ಹಡಗಿನ ಹೆಸರೇ ಬಂದದ್ದೂ ಹೀಗೆ ಪತ್ರ ಬರೆದೇ. ಅಂದರೆ ಈ ಕಥೆಯನ್ನು ಸಾಯಲು ಬಿಡದೆ ಉಳಿಸಿಕೊಂಡವರು ನೋಡುಗರು. "ಇದು ನಮ್ಮದೂ ಹೌದು" ಅನ್ನುವ ಭಾವನೆ ಅವತ್ತಿನಿಂದ ಬೇರು ಬಿಟ್ಟಿದೆ.

ಇನ್ನು ಅಭಿಮಾನಿ ಅಲ್ಲದ ನಿರ್ದೇಶಕರ ವಿಷಯ. 1979ರ ಮೊದಲ ಸಿನಿಮಾಕ್ಕೆ ಬೇಕಾದಷ್ಟು ದುಡ್ಡು ಸುರಿದಿದ್ದರು, ಆದರೆ ಅದು ತುಂಬಾ ನಿಧಾನ ಅನ್ನುವ ದೂರು ಬಂತು. 1982ರಲ್ಲಿ ಬಂದ ಎರಡನೆಯದನ್ನು, ಅಂದರೆ 'ದಿ ರಾತ್ ಆಫ್ ಖಾನ್' ಅನ್ನು, ಕಡಿಮೆ ಬಜೆಟ್‌ನಲ್ಲಿ ಮಾಡಲು ಹೊರಟರು. ನಿರ್ಮಾಪಕ ಹಾರ್ವ್ ಬೆನೆಟ್ ಟಿವಿಯಿಂದ ಬಂದವರು. ಅವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕೂತು 79 ಎಪಿಸೋಡನ್ನೂ ನೋಡಿದರು. 1967ರ ಒಂದು ಎಪಿಸೋಡಿನಲ್ಲಿ ಬಂದುಹೋಗಿದ್ದ ಖಾನ್ ಅನ್ನುವ ಖಳನನ್ನು ಹೆಕ್ಕಿ ತೆಗೆದರು. ನಿರ್ದೇಶಕ ನಿಕೊಲಸ್ ಮೇಯರ್ ಅವರಿಗಂತೂ ಸ್ಟಾರ್ ಟ್ರೆಕ್ ಪರಿಚಯವೇ ಅಷ್ಟಾಗಿ ಇರಲಿಲ್ಲ. ಕೈಗೆ ಬಂದಿದ್ದ ಹಲವು ಸ್ಕ್ರಿಪ್ಟುಗಳನ್ನು ಹರವಿಕೊಂಡು, ಬೇಕಾದದ್ದನ್ನೆಲ್ಲ ಆರಿಸಿ, 12 ದಿನದಲ್ಲಿ ಹೊಸದಾಗಿ ಬರೆದರು. ಹಡಗಿನ ಕ್ಯಾಪ್ಟನ್‌ಗಳ ಹಳೆಯ ಸಾಹಸ ಕಥೆಗಳ ಮೇಲೆ ಅವರಿಗೆ ಪ್ರೀತಿ ಇತ್ತು. ಆ ಪ್ರೀತಿಯನ್ನು ಬಾಹ್ಯಾಕಾಶಕ್ಕೆ ತಂದರು.

ಅಷ್ಟರಲ್ಲಿ, ಹಡಗಿನ ಅಧಿಕಾರಿ, ವಲ್ಕನ್ ಗ್ರಹದ ಸ್ಪಾಕ್ ಸಾಯುತ್ತಾನೆ ಅನ್ನುವ ಸುದ್ದಿ ಸೋರಿತು. ಅಭಿಮಾನಿಗಳು ರೊಚ್ಚಿಗೆದ್ದರು. ಮೇಯರ್ ಇದಕ್ಕೆ ಕೊಟ್ಟ ಉತ್ತರ ನನಗೆ ಇವತ್ತಿಗೂ ಅದ್ಭುತ ಅನ್ನಿಸುತ್ತದೆ. ಸಿನಿಮಾ ಶುರುವಾದ ಕೆಲವೇ ನಿಮಿಷಕ್ಕೆ ಸ್ಪಾಕ್ ಕುಸಿದು ಬೀಳುತ್ತಾನೆ. ಆಮೇಲೆ ಗೋಡೆ ಸರಿಯುತ್ತದೆ, ಬೆಳಕು ಬರುತ್ತದೆ, ಇದೆಲ್ಲ ಬರೀ ತರಬೇತಿ ಅಂತ ಗೊತ್ತಾಗುತ್ತದೆ. ಓ, ಸುದ್ದಿ ಇದೇ ಇರಬೇಕು ಅಂತ ನೋಡುಗರು ನಿರಾಳವಾಗುತ್ತಾರೆ. ನಿಜವಾದ ಸಾವು ಕೊನೆಯಲ್ಲಿ ಬರುತ್ತದೆ.

ಆ ದೃಶ್ಯವನ್ನು ಒಂದು ಸಲ ನಿಧಾನವಾಗಿ ನೋಡಿ. ಹಡಗನ್ನು ಉಳಿಸಲು ಸ್ಪಾಕ್ ವಿಕಿರಣ ತುಂಬಿದ ಕೋಣೆಯೊಳಗೆ ಹೋಗಿ ಕೆಲಸ ಮುಗಿಸಿದ್ದಾನೆ. ಮುಖ ಸುಟ್ಟಿದೆ. ಗಾಜಿನ ಆಚೆ ಅವನ ಗೆಳೆಯ, ಕ್ಯಾಪ್ಟನ್ ಕರ್ಕ್ ಬಂದು ನಿಂತಿದ್ದಾನೆ. ಸ್ಪಾಕ್ ಕಷ್ಟಪಟ್ಟು ಎದ್ದು ನಿಲ್ಲುತ್ತಾನೆ. ನಿಂತವನು ಮೊದಲು ಮಾಡುವುದು ತನ್ನ ಯೂನಿಫಾರ್ಮ್ ಕೋಟನ್ನು ಕೆಳಕ್ಕೆ ಎಳೆದು ಸರಿಮಾಡಿಕೊಳ್ಳುವುದು. ಕ್ಯಾಪ್ಟನ್ ಎದುರಿಗಿದ್ದಾನಲ್ಲ. ಆಮೇಲೆ ನಡೆದು ಬಂದು ಗಾಜಿಗೆ ಡಿಕ್ಕಿ ಹೊಡೆಯುತ್ತಾನೆ. ಅವನಿಗೆ ಕಣ್ಣು ಕಾಣಿಸುತ್ತಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟರಲ್ಲೇ ನಮಗೆ ತಿಳಿಯುತ್ತದೆ. ನಾನು ಚಿಕ್ಕವನಿದ್ದಾಗ ಅಣ್ಣನ ಪಕ್ಕ ಕೂತು ಇದನ್ನು ನೋಡಿದ್ದೆ. ಅಣ್ಣ ಮುಖ ಆಚೆ ತಿರುಗಿಸಿಕೊಂಡ. ಅಲ್ಲಿಯವರೆಗೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಇದನ್ನು ಮಾಡಿದವರು ಹೊರಗಿನವರು. ಹಾಗಾಗಿ "ಅವರು ಅಭಿಮಾನಿ ಅಲ್ಲ" ಅನ್ನುವ ದೂರಿನಲ್ಲಿ ನನಗೆ ನಂಬಿಕೆ ಇಲ್ಲ. 2002ರ ಸ್ಟಾರ್ ಟ್ರೆಕ್ ಸಿನಿಮಾ 'ನೆಮೆಸಿಸ್'ನ ನಿರ್ದೇಶಕರೂ ಹೊರಗಿನವರೇ. ಅದು ತೋಪಾಯಿತು, ಅಮೆರಿಕದಲ್ಲಿ ಸುಮಾರು 43 ಮಿಲಿಯನ್ ಡಾಲರ್ ಮಾತ್ರ ಗಳಿಸಿತು. ಅಲ್ಲೂ ಕೊನೆಗೆ ಒಬ್ಬ ಪ್ರೀತಿಯ ಪಾತ್ರ ಹಡಗಿಗಾಗಿ ಪ್ರಾಣ ಕೊಡುತ್ತದೆ. 1982ರ ನೆರಳು ಎದ್ದು ಕಾಣುತ್ತದೆ. 2005ರಲ್ಲಿ ಆಗ ಬರುತ್ತಿದ್ದ ಟಿವಿ ಸರಣಿಯೂ ನಿಂತಿತು. 1987ರಿಂದ ಒಂದಲ್ಲ ಒಂದು ಸ್ಟಾರ್ ಟ್ರೆಕ್ ಟಿವಿಯಲ್ಲಿ ಬರುತ್ತಲೇ ಇತ್ತು, ಆಮೇಲೆ ಏನೂ ಇಲ್ಲದ ಹಾಗಾಯಿತು.

ಏಬ್ರಮ್ಸ್ ಬಂದದ್ದು ಅಂಥ ಹೊತ್ತಿನಲ್ಲಿ. ತಾನು ಚಿಕ್ಕಂದಿನಿಂದ ಇನ್ನೊಂದು ಬಾಹ್ಯಾಕಾಶ ಸಿನಿಮಾ ಸರಣಿಯಾದ ಸ್ಟಾರ್ ವಾರ್ಸ್ ಕಡೆಯವನು ಅಂತ ಅವರು ಮುಚ್ಚಿಡಲಿಲ್ಲ. 2008ರ ಜನವರಿಯಲ್ಲಿ ಮೊದಲ ಟೀಸರ್ ಬಂತು. ಅದರಲ್ಲಿ ಕೆಲಸಗಾರರು ಕಿಡಿ ಹಾರಿಸುತ್ತಾ ವೆಲ್ಡಿಂಗ್ ಮಾಡುತ್ತಿರುತ್ತಾರೆ, ಎಂಟರ್‌ಪ್ರೈಸ್ ಹಡಗು ನೆಲದ ಮೇಲೆ ತಯಾರಾಗುತ್ತಿರುತ್ತದೆ. ನೆಲದ ಮೇಲೆ! ಅದನ್ನು ಕಟ್ಟಬೇಕಾದದ್ದು ಬಾಹ್ಯಾಕಾಶದಲ್ಲಿ ಅಲ್ವಾ? ಅಣ್ಣನೂ ನಾನೂ ಇದೇ ವಿಷಯಕ್ಕೆ ಒಂದು ಇಡೀ ಸಂಜೆ ಜಗಳ ಆಡಿದೆವು. ಸಿನಿಮಾ ಬಂದ ಮೇಲೆ ಇನ್ನಷ್ಟು ದೂರು. ಎಂಜಿನ್ ರೂಮಿನ ದೃಶ್ಯಗಳನ್ನು ಒಂದು ಬಿಯರ್ ಕಾರ್ಖಾನೆಯಲ್ಲಿ ತೆಗೆದಿದ್ದರು, ದೊಡ್ಡ ದೊಡ್ಡ ಟ್ಯಾಂಕು, ಪೈಪು ಎಲ್ಲ ಹಾಗೇ ಕಾಣುತ್ತಿದ್ದವು. ಲೆನ್ಸ್ ಫ್ಲೇರ್ ಎಷ್ಟಿತ್ತು ಅಂದರೆ ಕೆಲವು ಕಡೆ ನಟರ ಮುಖವೇ ಬೆಳಕಿನ ಗೆರೆಯಲ್ಲಿ ಮುಚ್ಚಿಹೋಗುತ್ತಿತ್ತು.

ಇವೆಲ್ಲ ಸಣ್ಣ ಮಾತು. ದೊಡ್ಡದು ಅಂದರೆ ಸ್ಪಾಕ್‌ನ ಗ್ರಹ ವಲ್ಕನ್ ಅನ್ನೇ ನಾಶ ಮಾಡಿಬಿಟ್ಟರು. ಅವನ ತಾಯಿ ಕಣ್ಣೆದುರೇ ಕೆಳಗೆ ಬಿದ್ದು ಹೋಗುತ್ತಾಳೆ. ನಾಲ್ಕು ದಶಕದ ಕಥೆಗೆ ಆಧಾರವಾಗಿದ್ದ ಜಾಗ ಅದು. ಇಷ್ಟಾದರೂ ನಾವು ಯಾಕೆ ಒಪ್ಪಿಕೊಂಡೆವು? ನನ್ನ ಪ್ರಕಾರ ಎರಡು ಕಾರಣ. ಒಂದು, ಕಾಲದಲ್ಲಿ ಹಿಂದಕ್ಕೆ ಬಂದ ಒಬ್ಬ ಖಳನಿಂದ ಇನ್ನೊಂದು ಟೈಮ್‌ಲೈನ್ ಹುಟ್ಟಿಕೊಂಡಿತು ಅಂತ ಕಥೆಯಲ್ಲೇ ಹೇಳಿದರು. ಹಳೆಯದು ಅಳಿಸಿಹೋಗಲಿಲ್ಲ, ಅದರ ಪಾಡಿಗೆ ಅದು ಇದೆ. ಎರಡು, ಮೂಲ ಧಾರಾವಾಹಿಯಲ್ಲಿ ಸ್ಪಾಕ್ ಆಗಿದ್ದ ನಟ ಲಿಯೊನಾರ್ಡ್ ನಿಮೊಯ್. ಮೂಲ ಸ್ಪಾಕ್ ವಯಸ್ಸಾದವನಾಗಿ ಬಂದು, ಹೊಸ ಹುಡುಗರ ಕೈಗೆ ತಾನೇ ಕಥೆಯನ್ನು ಒಪ್ಪಿಸಿದ.

2009ರ ಏಪ್ರಿಲ್ 6ರಂದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. 1982ರ ಸಿನಿಮಾ, ಜೊತೆಗೆ ಹೊಸದರ ಹತ್ತು ನಿಮಿಷದ ತುಣುಕು ತೋರಿಸುತ್ತೇವೆ ಅಂತ ಅಭಿಮಾನಿಗಳನ್ನು ಕರೆದಿದ್ದರು. ಹಳೆಯ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ರೀಲು ಸುಟ್ಟುಹೋದ ಹಾಗೆ ಪರದೆ ಬರಿದಾಯಿತು. ಆಗ ನಿಮೊಯ್ ಕೈಯಲ್ಲಿ ರೀಲಿನ ಡಬ್ಬಿ ಹಿಡಿದು ವೇದಿಕೆಗೆ ಬಂದರು. ಹೊಸ ಸಿನಿಮಾವನ್ನೇ ಪೂರ್ತಿ ನೋಡುತ್ತೀರಾ ಅಂತ ಕೇಳಿದರು. ಥಿಯೇಟರ್ ಕಿತ್ತುಹೋಗುವ ಹಾಗೆ ಕೂಗಾಡಿದರು ಜನ. ಹೊಸ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ಶಿಫಾರಸು ಇನ್ನೇನು ಬೇಕು? ಸಿನಿಮಾ ಅಮೆರಿಕ ಒಂದರಲ್ಲೇ ಸುಮಾರು 257 ಮಿಲಿಯನ್ ಡಾಲರ್ ಗಳಿಸಿತು. ಮೇಕಪ್‌ಗೆ ಆಸ್ಕರ್ ಬಂತು, ಈ ಸರಣಿಗೆ ಅದೇ ಮೊದಲನೆಯದು.

2013ಕ್ಕೆ ಬಂದರೆ, ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮಾಡಿದ ಪಾತ್ರ ಖಾನ್ ಅಲ್ಲ ಅಂತ ಬಿಡುಗಡೆಯ ತನಕ ಹೇಳುತ್ತಾ ಬಂದರು. ಆದರೆ ಅವನು ಖಾನ್ ಆಗಿದ್ದ. ಅದನ್ನು ಮೊದಲೇ ಹೇಳಿಬಿಡಬೇಕಿತ್ತು ಅಂತ ಏಬ್ರಮ್ಸ್ ಅವರೇ ಆಮೇಲೆ ಒಪ್ಪಿಕೊಂಡರು. ಅದನ್ನೂ ಮರೆಯಬಹುದಿತ್ತು. ಕೊನೆಯಲ್ಲಿ ಅದೇ ಗಾಜಿನ ದೃಶ್ಯವನ್ನು ತಂದರು. ಈ ಸಲ ಒಳಗೆ ಸಾಯುವವನು ಕರ್ಕ್, ಹೊರಗೆ ಅಳುವವನು ಸ್ಪಾಕ್. ಗಾಜಿಗೆ ಒತ್ತಿದ ಅಂಗೈ ಕೂಡ ಅದೇ. 1982ರ ಇಬ್ಬರು ಒಟ್ಟಿಗೆ ಮುದುಕರಾಗುತ್ತಾ ಬಂದ ಗೆಳೆಯರು, ನೋಡುಗರೂ ಅವರ ಜೊತೆ 16 ವರ್ಷ ಬಾಳಿದ್ದರು. ಈ ಹುಡುಗರು ಪರಿಚಯವಾಗಿ ಎಷ್ಟು ದಿನ ಆಗಿತ್ತು? ಹಳೆಯ ಸ್ಪಾಕ್ ಮರಳಿ ಬರುವುದನ್ನು ನೋಡಲು ಜನ ಎರಡು ವರ್ಷ ಕಾದರು. ಈ ಕರ್ಕ್ ಖಾನ್‌ನ ರಕ್ತದಿಂದ ಅದೇ ಸಿನಿಮಾ ಮುಗಿಯುವುದರೊಳಗೆ ಎದ್ದು ಕೂತ. ನಮ್ಮ ದುಃಖವನ್ನು ನಮ್ಮಿಂದಲೇ ಸಾಲ ತಂದು ನಮಗೇ ಮಾರಿದ ಹಾಗೆ ಅನ್ನಿಸಿತು ನನಗೆ. ಆ ವರ್ಷ ಲಾಸ್ ವೇಗಸ್‌ನ ಸ್ಟಾರ್ ಟ್ರೆಕ್ ಸಮ್ಮೇಳನದಲ್ಲಿ ಅಭಿಮಾನಿಗಳು ಎಲ್ಲಾ ಸಿನಿಮಾಗಳನ್ನು ಸಾಲಾಗಿ ಜೋಡಿಸಿದಾಗ ಇದನ್ನು ಕಟ್ಟಕಡೆಗೆ ಇಟ್ಟರು. ಅಷ್ಟು ಕೆಟ್ಟ ಸಿನಿಮಾ ಅದಲ್ಲ, ಆ ಸ್ಥಾನ ಕೊಟ್ಟದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ನೋವು ಎಲ್ಲಿಂದ ಬಂತು ಅಂತ ನನಗೆ ಗೊತ್ತು.

2016ರ 'ಬಿಯಾಂಡ್' ಹೊತ್ತಿಗೆ ನಿರ್ದೇಶಕರು ಜಸ್ಟಿನ್ ಲಿನ್. ಕಾರ್ ರೇಸ್ ಸಿನಿಮಾಗಳಿಗೆ ಹೆಸರಾದವರು ಅಂತ ಟ್ರೇಲರ್ ಬಂದಾಗಲೇ ಗೊಣಗಾಟ ಶುರು. ಆದರೆ ಅದರಲ್ಲಿ ಒಂದು ಸಣ್ಣ ದೃಶ್ಯ ಇದೆ. ನಿಮೊಯ್ 2015ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಸಿನಿಮಾದಲ್ಲೂ ಹಳೆಯ ಸ್ಪಾಕ್ ಸತ್ತಿದ್ದಾನೆ. ಅವನು ಬಿಟ್ಟುಹೋದ ಪೆಟ್ಟಿಗೆಯನ್ನು ಹೊಸ ಸ್ಪಾಕ್ ತೆರೆದರೆ ಒಳಗೆ ಹಳೆಯ ತಂಡದ ಎಲ್ಲರೂ ಒಟ್ಟಿಗೆ ನಿಂತ ಫೋಟೋ. ಮಾತಿಲ್ಲ. ಆ ಒಂದು ಫೋಟೋಕ್ಕೆ ನಾನು ಟ್ರೇಲರ್‌ನ ಗೊಣಗಾಟವನ್ನೆಲ್ಲ ಮರೆತೆ.

ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಸಿನಿಮಾ ಹಿಡಿಸಲಿಲ್ಲ ಅಂತ ಬೈಯುವುದು ಬೇರೆ, ಮನುಷ್ಯರ ಹಿಂದೆ ಬೀಳುವುದು ಬೇರೆ. ಸ್ಟಾರ್ ವಾರ್ಸ್‌ನ 2017ರ ಸಿನಿಮಾದಲ್ಲಿ ನಟಿಸಿದ ಕೆಲ್ಲಿ ಮರೀ ಟ್ರಾನ್ 2018ರಲ್ಲಿ ಕಿರುಕುಳ ತಾಳಲಾರದೆ ಇನ್‌ಸ್ಟಾಗ್ರಾಂನ ಪೋಸ್ಟುಗಳನ್ನೆಲ್ಲ ಅಳಿಸಿಹಾಕಿದರು. ಅದನ್ನು ಮಾಡಿದವರನ್ನು ಅಭಿಮಾನಿಗಳು ಅಂತ ಕರೆಯಲು ನನಗೆ ಮನಸ್ಸಿಲ್ಲ.

2009ರ ಸಿನಿಮಾ ಇಷ್ಟವಾದದ್ದಕ್ಕೆ ನೀವು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ನನಗೂ ಅದು ಇಷ್ಟವೇ. ಮುಂದೆ ನೋಡುವುದಾದರೆ ನೇರವಾಗಿ 2013ರದ್ದಕ್ಕೆ ಹೋಗಬೇಡಿ. ಮೊದಲು ಮೂಲ ಧಾರಾವಾಹಿಯ ಮೊದಲ ಸೀಸನ್‌ನಲ್ಲಿ ಬರುವ ಖಾನ್ ಎಪಿಸೋಡ್ ನೋಡಿ, ಅದರ ಹೆಸರು 'ಸ್ಪೇಸ್ ಸೀಡ್'. ಸಾಧ್ಯವಾದರೆ ಇನ್ನೂ ಹತ್ತು ಹದಿನೈದು ಎಪಿಸೋಡ್ ನೋಡಿ, ಆ ಇಬ್ಬರು ನಿಮಗೆ ಗೆಳೆಯರಾಗಲಿ. ಆಮೇಲೆ 1982ರ ಸಿನಿಮಾ ಹಾಕಿ. ಗಾಜಿನ ದೃಶ್ಯ ಬಂದಾಗ ಸ್ಪಾಕ್ ಎದ್ದು ನಿಂತು ಕೋಟು ಎಳೆದುಕೊಳ್ಳುತ್ತಾನಲ್ಲ, ಅಲ್ಲಿ ಅವನ ಕೈಗಳನ್ನೇ ನೋಡಿ.