ಬೇರೆ ನಾಯಿ ಕಂಡರೆ ಎಗರಾಡುವ ನಾಯಿಯನ್ನು ದತ್ತು ಕೊಡುವ ಮುಂಚೆ ಹೇಗೆ ತಯಾರು ಮಾಡುವುದು?

ಸ್ವಲ್ಪ ದಿನದ ಮಟ್ಟಿಗೆ ನಿಮ್ಮ ಮನೆಗೆ ಬಂದಿರುವ ನಾಯಿ ಇದು, ಅಲ್ವಾ? ಹೀಗೆ ಬೊಗಳಿ ಎಗರುವುದಕ್ಕೆ ಬಹಳ ಸಲ ಹೆದರಿಕೆಯೇ ಕಾರಣ, ಸೊಕ್ಕಲ್ಲ. ಬೈದರೆ, ಬೆಲ್ಟ್ ಜಗ್ಗಿದರೆ ಇನ್ನೂ ಜಾಸ್ತಿ ಆಗುತ್ತದೆ. ಮೊದಲು ಡಾಕ್ಟರಿಗೆ ತೋರಿಸಿ. ಕಿವಿನೋವು, ಕೀಲುನೋವು ಇದ್ದರೂ ನಾಯಿ ಸಿಡುಕುತ್ತದೆ. ಹೊಸದರಲ್ಲಿ ಸುಮ್ನೆ ಮಲಗಲು ಬಿಡಿ.

ಆಮೇಲೆ ಮುಖ್ಯವಾದದ್ದು ದೂರ. ಬೇರೆ ನಾಯಿ ಕಂಡರೂ ನಿಮ್ಮ ನಾಯಿ ನಿಮ್ಮ ಕೈಯಿಂದ ನೆಮ್ಮದಿಯಾಗಿ ತಿನ್ನುವಷ್ಟು ದೂರ ನಿಲ್ಲಿ. ಅದು ಆ ಕಡೆ ನೋಡಿದ ತಕ್ಷಣ ಇಷ್ಟದ ತಿಂಡಿ ಒಂದು ಚೂರು ಕೊಡಿ. ಆ ನಾಯಿ ಮರೆಯಾದ ಮೇಲೆ ತಿಂಡಿಯೂ ನಿಲ್ಲಲಿ. ನಿಮ್ಮ ನಾಯಿ ಬಾಯಿ ಮುಚ್ಚಿ, ಮೈ ಬಿಗಿಹಿಡಿದು ದಿಟ್ಟಿಸುತ್ತಿದ್ದರೆ ತೀರಾ ಹತ್ತಿರ ಹೋಗಿದ್ದೀರಿ ಎಂದರ್ಥ. ಬೊಗಳುವ ಮುಂಚೆಯೇ ತಿರುಗಿ ಹೊರಡಿ. ದೂರ ಕಡಿಮೆ ಮಾಡಲು ವಾರಗಟ್ಟಲೆ ಬೇಕು, ಅವಸರ ಬೇಡ. ಒಂದು ದಿನ ಜೋರಾಗಿ ಎಗರಿದರೆ ಮರುದಿನ ಜನ, ನಾಯಿ ಇಲ್ಲದ ಕಡೆ ಓಡಾಡಿಸಿ. ಕಚ್ಚದಂತೆ ಬಾಯಿಗೆ ಹಾಕುವ ಬಾಯಿಕುಕ್ಕೆಯನ್ನೂ ತಿಂಡಿ ಕೊಟ್ಟು ರೂಢಿ ಮಾಡಿಸಿ.

ದತ್ತು ಕೇಳಿ ಬಂದವರಿಂದ ಏನನ್ನೂ ಮುಚ್ಚಿಡಬೇಡಿ. ಯಾವುದಕ್ಕೆ ಎಗರುತ್ತದೆ, ಎಷ್ಟು ದೂರದಲ್ಲಿ ಸುಮ್ಮನಿರುತ್ತದೆ, ಯಾರನ್ನಾದರೂ ಕಚ್ಚಿದೆಯಾ, ಎಲ್ಲ ಬರೆದು ಕೊಡಿ. ಎರಡು ಮೂರು ಸಲವಾದರೂ ಬೆಲ್ಟ್ ಅವರ ಕೈಗೆ ಕೊಟ್ಟು ನೀವು ಪಕ್ಕದಲ್ಲಿ ನಡೆಯಿರಿ. ಅಷ್ಟಕ್ಕೂ ಪುರುಸೊತ್ತಿಲ್ಲ ಅನ್ನುವವರಿಗೆ ನಾನಾದರೆ ಕೊಡುವುದಿಲ್ಲ.